ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳಲ್ಲಿ ಧೂಮಪಾನ: ಮನೋವೈಜ್ಞಾನಿಕ ಅಂಶಗಳು

ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳಲ್ಲಿ ಓದುವ, ಸಾಮಾನ್ಯವಾಗಿ 18ರಿಂದ 25ರ ವಯಸ್ಸಿನ ಯುವಜನರು ಬೀಡಿ ಸಿಗರೇಟುಗಳನ್ನು ಸೇದಲು ತೊಡಗುವುದಕ್ಕೂ, ಮುಂದುವರಿಸುವುದಕ್ಕೂ, ಬಿಟ್ಟವರು ಮತ್ತೆ ಹಿಡಿಯುವುದಕ್ಕೂ ಹಿನ್ನೆಲೆಯಾಗಿರುವ ಮನಸ್ಸಿನ ಹಾಗೂ ಒಡನಾಟದ ಕಾರಣಗಳನ್ನು ಧೂಮಪಾನದ ಮನೋವೈಜ್ಞಾನಿಕ ಅಂಶಗಳೆಂದು ಕರೆಯಲಾಗುತ್ತದೆ. ಹೊಗೆಸೊಪ್ಪಿನ ಕೇಡನ್ನು ಓದಿ ತಿಳಿದವನೂ ಅದನ್ನು ಏಕೆ ತುಟಿಗಿಡುತ್ತಾನೆ ಎಂಬುದು ಈ ಅಧ್ಯಯನದ ಮೂಲ ಪ್ರಶ್ನೆ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದ ಮೇಲೆ ಕೆಲವು ದಶಕಗಳ ಕಾಲ, ತಿಳಿವಳಿಕೆ ಹಬ್ಬಿದರೆ ಚಟ ತಾನಾಗಿ ಇಳಿಯುತ್ತದೆಂಬ ನಂಬಿಕೆ ಇತ್ತು. ವಿದ್ಯಾವಂತರಲ್ಲಿ ಅದು ಒಂದು ಮಟ್ಟಿಗೆ ಇಳಿಯಿತಾದರೂ ಕಾಲೇಜಿನ ಅಂಗಳದಿಂದ ಮರೆಯಾಗಲಿಲ್ಲ. ಹೀಗಾಗಿ ಸಂಶೋಧಕರ ಗಮನ ಶ್ವಾಸಕೋಶದಿಂದ ಮನಸ್ಸಿನ ಕಡೆಗೆ ಹೊರಳಿತು.

ವಯಸ್ಸಿನ ಲೆಕ್ಕವೇ ಕಾಲೇಜಿನ ವರ್ಷಗಳ ಮಹತ್ವವನ್ನು ಹೇಳುತ್ತದೆ. 2016–17ರ ಎರಡನೆಯ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರ ಪೈಕಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರು ಶೇ. 8.8. ಭಾರತದಲ್ಲಿ ತಂಬಾಕು ಬಳಕೆ ಆರಂಭಿಸುವ ಸರಾಸರಿ ವಯಸ್ಸು ಅದೇ ಸಮೀಕ್ಷೆಯಲ್ಲಿ 18.9 ವರ್ಷ ಎಂದು ದಾಖಲಾಯಿತು. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಾದರೋ 13ರಿಂದ 15ರ ವಯಸ್ಸಿನ ಶಾಲಾಮಕ್ಕಳಲ್ಲಿ ತಂಬಾಕು ಬಳಸುವವರ ಪ್ರಮಾಣ ದೇಶದಲ್ಲಿ ಶೇ. 8.5 ಇದ್ದರೆ ಕರ್ನಾಟಕದಲ್ಲಿ ಶೇ. 1.2 ಮಾತ್ರ ಇತ್ತು. ಎರಡು ಸಮೀಕ್ಷೆಗಳ ಕ್ರಮ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಹೈಸ್ಕೂಲಿನಲ್ಲಿ ಬಹುಮಟ್ಟಿಗೆ ತಂಬಾಕಿನಿಂದ ದೂರವಿದ್ದ ಮಕ್ಕಳು ಅದರ ಕೈಗೆ ಸಿಗುವುದು ಮುಂದಿನ ಆರೇಳು ವರ್ಷಗಳಲ್ಲಿ, ಅಂದರೆ ಪಿ.ಯು.ಸಿ. ಮತ್ತು ಪದವಿಯ ಅವಧಿಯಲ್ಲಿ ಎಂಬ ಸೂಚನೆ ಇಲ್ಲಿದೆ. ಅಮೆರಿಕದ ಸರ್ಜನ್ ಜನರಲ್ 2012ರಲ್ಲಿ ಹೊರಡಿಸಿದ ವರದಿಯೂ ದಿನಾ ಸೇದುವವರಲ್ಲಿ ಶೇ. 99 ಮಂದಿ 26 ತುಂಬುವುದರೊಳಗೆ ಮೊದಲ ಸಿಗರೇಟು ಸೇದಿರುತ್ತಾರೆಂದು ಹೇಳುತ್ತದೆ.

ಈ ವಿಷಯವನ್ನು ಸ್ಥಳೀಯವಾಗಿ ನೋಡಲು ದಾವಣಗೆರೆ ತಕ್ಕ ಊರು. ಹತ್ತಿಗಿರಣಿಗಳಿಂದ ಹೆಸರಾಗಿದ್ದ ಈ ನಗರ, ಗಿರಣಿಗಳು ಒಂದೊಂದಾಗಿ ನಿಂತುಹೋದಂತೆ ಓದಿನ ಊರಾಗಿ ರೂಪಾಂತರ ಹೊಂದಿತು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಹಾಗೂ ದಂತವೈದ್ಯಕೀಯ ಕಾಲೇಜುಗಳು, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ತಲೆಯೆತ್ತಿದವು. ಎಂ.ಸಿ.ಸಿ. ಬಡಾವಣೆ ಮತ್ತು ಅದರ ಸುತ್ತಿನ ಪ್ರದೇಶ ಈ ವಿದ್ಯಾರ್ಥಿಗಳ ವಾಸ, ತಿಂಡಿ, ಓಡಾಟಗಳ ನೆಲೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿಯ ಹಳ್ಳಿಗಳಿಂದ ಬಂದ ಹುಡುಗರು ಹಾಸ್ಟೆಲ್, ಪಿ.ಜಿ., ಬಾಡಿಗೆ ಕೋಣೆಗಳಲ್ಲಿ ಉಳಿಯುತ್ತಾರೆ; ಹರಿಹರದವರು ಬಸ್ಸು ರೈಲುಗಳಲ್ಲಿ ದಿನವೂ ಬಂದುಹೋಗುತ್ತಾರೆ. ಈ ಎರಡು ಬಗೆಯ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸ ಮನೋವಿಜ್ಞಾನದ ದೃಷ್ಟಿಯಿಂದ ಸಣ್ಣದಲ್ಲ. ಸಂಜೆ ಮನೆಗೆ ಮರಳಿ ಅಪ್ಪ ಅಮ್ಮನ ಎದುರು ಕೂತು ಊಟ ಮಾಡಬೇಕಾದವನ ಬಾಯಿಯ ವಾಸನೆಗೆ ಒಂದು ಕಾವಲಿರುತ್ತದೆ, ಕೋಣೆಗೆ ಮರಳುವವನಿಗೆ ಅದಿಲ್ಲ.

ಮೊದಲ ಸಿಗರೇಟು ಬಹುತೇಕ ಎಂದೂ ಒಬ್ಬಂಟಿಯಾಗಿ ಸೇದಿದ್ದಲ್ಲ, ಕೊಂಡದ್ದೂ ಅಲ್ಲ. ಅದು ಗೆಳೆಯನ ಕೈಯಿಂದ ಬಂದದ್ದು. ಆಲ್ಬರ್ಟ್ ಬಂಡೂರ ಪ್ರತಿಪಾದಿಸಿದ ಸಾಮಾಜಿಕ ಕಲಿಕೆಯ ಸಿದ್ಧಾಂತದ ಪ್ರಕಾರ ಮನುಷ್ಯ ತಾನು ಮೆಚ್ಚುವವರ ನಡೆಯನ್ನೂ, ಆ ನಡೆಗೆ ಅವರಿಗೆ ಸಿಗುವ ಮನ್ನಣೆಯನ್ನೂ ಕಂಡು ಅನುಕರಿಸುತ್ತಾನೆ. ಈ ಕಲಿಕೆ ಎಷ್ಟೋ ವೇಳೆ ಕಾಲೇಜಿಗಿಂತ ಬಹಳ ಮುಂಚೆ, ಅಂಗಡಿಯಿಂದ ಬೀಡಿಕಟ್ಟು ತಂದುಕೊಡೆಂದು ಹಿರಿಯರು ಮಗುವಿನ ಕೈಗೆ ಚಿಲ್ಲರೆ ಕೊಟ್ಟು ಕಳಿಸಿದ ದಿನವೇ ಆರಂಭವಾಗಿರುತ್ತದೆ. ಊರು ಬಿಟ್ಟು ಬಂದ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರಿನಲ್ಲಿ ಬೇಕಾಗಿರುವುದು ಹೊಗೆಯಲ್ಲ, ಜೊತೆ. ತರಗತಿ ಮುಗಿದ ಮೇಲೆ ಗೂಡಂಗಡಿಯ ಮುಂದೆ ನಿಲ್ಲುವ ನಾಲ್ಕು ಮಂದಿಯ ಗುಂಪಿನಲ್ಲಿ ಅವನು ಚಹಾ ಹಿಡಿದು ನಿಂತಿರುತ್ತಾನೆ; ಒಂದು ಸಿಗರೇಟು ಕೈಯಿಂದ ಕೈಗೆ ದಾಟುತ್ತಾ ಬರುತ್ತದೆ; ಸೀನಿಯರ್ ಒಬ್ಬ ‘ಒಂದು ದಮ್ಮು ಎಳಿ, ಏನಾಗಲ್ಲ’ ಎನ್ನುತ್ತಾನೆ. ಅಲ್ಲಿ ಬೇಡವೆನ್ನುವುದೆಂದರೆ ತಂಬಾಕನ್ನಷ್ಟೇ ಬೇಡವೆಂದಂತಾಗದೆ ಗೆಳೆತನವನ್ನೇ ತಳ್ಳಿದಂತಾದೀತೆಂಬ ಅಳುಕು ಅವನದು. ಆದ್ದರಿಂದ ಇದನ್ನು ಬರಿಯ ‘ಸಹವಾಸದೋಷ’ವೆಂದು ಬೈದು ಮುಗಿಸುವುದು ಸರಿಯಾಗದು, ಏಕೆಂದರೆ ಆ ಸಹವಾಸವೇ ಅವನಿಗೆ ಊರಿನಲ್ಲಿ ಸಿಕ್ಕ ಮೊದಲ ಆಸರೆಯಾಗಿರುತ್ತದೆ.

ಸ್ವಚಿತ್ರಣ, ಎಂದರೆ ವ್ಯಕ್ತಿ ತನ್ನ ಬಗ್ಗೆ ಕಟ್ಟಿಕೊಂಡ ಚಿತ್ರ, ಇನ್ನೊಂದು ಮುಖ್ಯ ಅಂಶ. ಫ್ರೆಡರಿಕ್ ಗಿಬನ್ಸ್ ಮತ್ತು ಮೆಗ್ ಜೆರಾರ್ಡ್ 1990ರ ದಶಕದಲ್ಲಿ ರೂಪಿಸಿದ ಮಾದರಿಯ ಪ್ರಕಾರ ಯುವಕನ ಮನಸ್ಸಿನಲ್ಲಿ ‘ಸೇದುವವನು’ ಎಂದರೆ ಇಂಥವನು ಎಂಬ ಒಂದು ಮೂರ್ತಿ ಇರುತ್ತದೆ; ಅದು ಎಷ್ಟು ಆಕರ್ಷಕವೋ, ಅವಕಾಶ ಒದಗಿದಾಗ ಸೇದುವ ಸಿದ್ಧತೆಯೂ ಅಷ್ಟು ಹೆಚ್ಚು. ಈ ಮೂರ್ತಿಯನ್ನು ಕಡೆಯುವುದರಲ್ಲಿ ಚಲನಚಿತ್ರದ ಪಾಲು ದೊಡ್ಡದು. ಸಿಗರೇಟನ್ನು ಗಾಳಿಗೆಸೆದು ತುಟಿಯಲ್ಲಿ ಹಿಡಿಯುವ ರಜನೀಕಾಂತ್ ಶೈಲಿಯನ್ನು ಅನುಕರಿಸದ ತಲೆಮಾರು ದಕ್ಷಿಣ ಭಾರತದಲ್ಲಿ ಇರಲಿಲ್ಲವೆಂದರೆ ಅತಿಶಯವಲ್ಲ, ಇನ್ನೊಂದೆಡೆ ಡಾ. ರಾಜ್‌ಕುಮಾರ್ ತಮ್ಮ ನಾಯಕಪಾತ್ರಗಳಲ್ಲಿ ಮದ್ಯ ಸಿಗರೇಟುಗಳನ್ನು ದೂರವಿಟ್ಟದ್ದನ್ನು ಕನ್ನಡಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ದಾವಣಗೆರೆಯಂಥ ಊರಿನಲ್ಲಿ ಈ ಮೂರ್ತಿಗೆ ಅಂತಸ್ತಿನ ಬಣ್ಣವೂ ಇದೆ. ಹಳೆಯ ಓಣಿಗಳಲ್ಲಿ ಹೆಣ್ಣುಮಕ್ಕಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂಲಿಗೆ ಕಟ್ಟುವ ಬೀಡಿ ದುಡಿಮೆಗಾರರದೆಂದೂ, ಸಿಗರೇಟು ಓದಿದವರದೆಂದೂ ವಿದ್ಯಾರ್ಥಿಗಳಲ್ಲಿ ಒಂದು ಎಣಿಕೆ. ಒಳಗಿನ ನಿಕೋಟಿನ್ ಎರಡರಲ್ಲಿಯೂ ಒಂದೇ ಎಂಬುದು ಈ ಎಣಿಕೆಗೆ ತಾಗುವುದಿಲ್ಲ.

ಐಸೆಕ್ ಐಜೆನ್ 1991ರಲ್ಲಿ ವಿಸ್ತಾರವಾಗಿ ಮಂಡಿಸಿದ ಯೋಜಿತ ವರ್ತನೆಯ ಸಿದ್ಧಾಂತವು ಒಂದು ಕೆಲಸದ ಬಗೆಗಿನ ಒಲವು, ತನ್ನವರು ಅದನ್ನು ಒಪ್ಪುತ್ತಾರೆಯೇ ಎಂಬ ಎಣಿಕೆ, ಅದರ ಮೇಲೆ ತನಗಿರುವ ಹಿಡಿತದ ನಂಬಿಕೆ ಇವು ಮೂರೂ ಕೂಡಿ ಸಂಕಲ್ಪವನ್ನು ರೂಪಿಸುತ್ತವೆ ಎನ್ನುತ್ತದೆ. ವಿದ್ಯಾರ್ಥಿ ಧೂಮಪಾನಿಯ ಎಡವಟ್ಟು ಹೆಚ್ಚಾಗಿ ಎರಡು ಮತ್ತು ಮೂರನೆಯದರಲ್ಲಿ. ಸುತ್ತಲಿನವರಲ್ಲಿ ಎಷ್ಟು ಮಂದಿ ಸೇದುತ್ತಾರೆಂದು ಕೇಳಿದರೆ ಸೇದುವವರು ನಿಜಕ್ಕಿಂತ ಹೆಚ್ಚಿನ ಸಂಖ್ಯೆ ಹೇಳುವುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದನ್ನು ರೂಢಿಯ ತಪ್ಪುಗ್ರಹಿಕೆ ಎನ್ನುತ್ತಾರೆ. ಇದಕ್ಕೆ ಕಾರಣ ಸರಳ. ಸೇದುವವರು ವೃತ್ತದಲ್ಲಿ, ಬೀದಿಯಲ್ಲಿ ಗುಂಪಾಗಿ ನಿಂತು ಕಣ್ಣಿಗೆ ಬೀಳುತ್ತಾರೆ, ಸೇದದವರು ಗ್ರಂಥಾಲಯದಲ್ಲೋ ಕೋಣೆಯಲ್ಲೋ ಹರಡಿಹೋಗಿರುತ್ತಾರೆ. ‘ಎಲ್ಲರೂ ಸೇದುತ್ತಾರೆ’ ಎಂಬ ಮಾತು ಹುಟ್ಟುವುದು ಹೀಗೆ. ಇನ್ನು ಹಿಡಿತದ ನಂಬಿಕೆ: ‘ಬೇಕೆಂದಾಗ ಬಿಡಬಲ್ಲೆ’ ಎಂಬ ಮಾತನ್ನು ಹೇಳದ ವಿದ್ಯಾರ್ಥಿ ಧೂಮಪಾನಿ ವಿರಳ. ನೀಲ್ ವೈನ್‌ಸ್ಟೀನ್ 1980ರಲ್ಲಿ ವಿವರಿಸಿದ ಅವಾಸ್ತವ ಆಶಾವಾದ, ಎಂದರೆ ಕೇಡು ಇತರರಿಗೆ ಬಂದೀತು, ತನಗಲ್ಲ ಎಂಬ ಭಾವನೆ, ಇಲ್ಲಿ ಪೂರ್ಣರೂಪದಲ್ಲಿ ಕಾಣುತ್ತದೆ. ಇಪ್ಪತ್ತರ ಹರೆಯದವನ ಪಾಲಿಗೆ ಐವತ್ತರಲ್ಲಿ ಬರುವ ಕ್ಯಾನ್ಸರ್ ಬೇರೆ ಯಾರದೋ ಕಾಯಿಲೆ.

ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳ ಉದಾಹರಣೆ ಈ ದೃಷ್ಟಿಯಿಂದ ಮನಸ್ಸನ್ನು ಕಲಕುವಂಥದು. ಬಾಯಿಯ ಕ್ಯಾನ್ಸರಿನ ಹುಣ್ಣನ್ನು ಹೊರರೋಗಿ ವಿಭಾಗದಲ್ಲಿ ಕಣ್ಣಾರೆ ಕಂಡು ಬಂದವರಲ್ಲಿಯೂ ಸೇದುವವರಿದ್ದಾರೆಂಬುದು ಜಗತ್ತಿನ ಬಹುತೇಕ ದೇಶಗಳ ಅನುಭವ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳು ಆರೋಗ್ಯ ವೃತ್ತಿಶಿಕ್ಷಣದ ಮೂರನೆಯ ವರ್ಷದ ವಿದ್ಯಾರ್ಥಿಗಳಲ್ಲಿ ನಡೆಸಿದ ಜಾಗತಿಕ ಸಮೀಕ್ಷೆ ಭಾರತವನ್ನೂ ಒಳಗೊಂಡಿತ್ತು; ರೋಗಿಗೆ ತಂಬಾಕು ಬಿಡಿಸುವ ಬಗ್ಗೆ ಕ್ರಮಬದ್ಧ ತರಬೇತಿ ಪಡೆದವರು ಕಡಿಮೆ ಎಂಬುದು ಅದರ ಮುಖ್ಯ ಕಾಣ್ಕೆಗಳಲ್ಲೊಂದು. ರೋಗದ ಬಗೆಗಿನ ಜ್ಞಾನ ಪರೀಕ್ಷೆಯ ಉತ್ತರಪತ್ರಿಕೆಗೆ ಹೋಗುತ್ತದೆ. ಚಟದ ಬಗೆಗಿನ ಜ್ಞಾನ, ಎಂದರೆ ತನ್ನ ಕೈ ತಾನಾಗಿ ಜೇಬಿಗೆ ಹೋಗುವುದೇಕೆ ಎಂಬ ತಿಳಿವು, ಪಠ್ಯದಲ್ಲಿ ಅಪರೂಪ.

ವಿದ್ಯಾರ್ಥಿಗಳು ತಾವೇ ಹೇಳುವ ಕಾರಣಗಳಲ್ಲಿ ಮೊದಲನೆಯದು ಒತ್ತಡ, ಅವರ ಮಾತಿನಲ್ಲಿ ‘ಟೆನ್ಶನ್’. ಇಂಟರ್ನಲ್ಸ್, ಬಾಕಿ ಉಳಿದ ವಿಷಯಗಳು, ಮನೆಯವರು ಸಾಲ ಮಾಡಿ ಕಟ್ಟಿದ ಶುಲ್ಕ, ಕ್ಯಾಂಪಸ್ ಆಯ್ಕೆಯ ಅನಿಶ್ಚಿತತೆ ಇವೆಲ್ಲವೂ ನಿಜವಾದ ಹೊರೆಗಳೇ. ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ರಚಿಸಿದ ಅನುಭವಿತ ಒತ್ತಡದ ಮಾಪನ ಈ ಹೊರೆಯನ್ನು ಅಳೆಯಲು ಹೆಚ್ಚಾಗಿ ಬಳಕೆಯಲ್ಲಿದೆ. ಅದರಲ್ಲಿ ಎಣಿಕೆಗೆ ಬರುವುದು ಕಷ್ಟಗಳ ಸಂಖ್ಯೆಯಲ್ಲ, ಬದುಕು ತನ್ನ ಹಿಡಿತದಲ್ಲಿಲ್ಲ ಎಂಬ ಅನಿಸಿಕೆ. ಹೆಚ್ಚು ಒತ್ತಡ ಅನುಭವಿಸುವವರಲ್ಲಿ ಸೇದುವವರು ಹೆಚ್ಚು ಎಂಬುದು ಪದೇಪದೇ ಕಂಡುಬಂದಿದೆ. ಆದರೆ ಸಿಗರೇಟು ಆ ಒತ್ತಡವನ್ನು ನಿಜವಾಗಿ ಇಳಿಸುತ್ತದೆಯೇ ಎಂಬುದು ಬೇರೆಯ ಪ್ರಶ್ನೆ. ಈ ಲೇಖನದ ವಿಷಯದಲ್ಲಿ ಅತ್ಯಂತ ಮುಖ್ಯವಾದ ತಿರುವು ಇಲ್ಲಿದೆ.

ಒಳಗೆಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ, ಅಲ್ಲಿನ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿ, ತೃಪ್ತಿಯ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅಭ್ಯಾಸವಾದ ಮಿದುಳು ಆಗ ಚಡಪಡಿಸುತ್ತದೆ: ಸಿಡುಕು, ಗಮನ ಚೆದುರುವಿಕೆ, ಕಾರಣವಿಲ್ಲದ ತಳಮಳ. ಇವೇ ವಿರಮಣ ಲಕ್ಷಣಗಳು, ಎಂದರೆ ಬಿಟ್ಟಾಗ ಕಾಡುವ ಬಾಧೆಗಳು. ಮುಂದಿನ ಸಿಗರೇಟು ಈ ಬಾಧೆಯನ್ನು ಕ್ಷಣದಲ್ಲಿ ತಣಿಸುತ್ತದೆ. ಎರಡು ಗಂಟೆಯ ತರಗತಿಯ ಕೊನೆಯಲ್ಲಿ ಬಂದ ಚಡಪಡಿಕೆಯನ್ನು ವಿದ್ಯಾರ್ಥಿ ಓದಿನ ಒತ್ತಡವೆಂದು ಓದಿಕೊಳ್ಳುತ್ತಾನೆ, ಸಿಗರೇಟಿನಿಂದ ಬಂದ ನೆಮ್ಮದಿಯನ್ನು ಆ ಒತ್ತಡಕ್ಕೆ ಮದ್ದೆಂದು ತಿಳಿಯುತ್ತಾನೆ. ನಿಜವಾಗಿ, ಹಿಂದಿನ ಸಿಗರೇಟು ತೋಡಿದ ಗುಂಡಿಯನ್ನು ಮುಂದಿನ ಸಿಗರೇಟು ಮುಚ್ಚುತ್ತಿರುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಆಂಡಿ ಪ್ಯಾರೊಟ್ 1999ರಲ್ಲಿ ಈ ವಾದವನ್ನು ಮಂಡಿಸಿ, ಸಿಗರೇಟು ಒತ್ತಡವನ್ನು ಕಳೆಯುವುದಿರಲಿ, ಅದನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು; ಸೇದುವುದನ್ನು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಮುಂದುವರಿಸಿದವರಿಗಿಂತ ಕಡಿಮೆಯಾಗಿದ್ದವು. ಪರೀಕ್ಷೆ ಮುಗಿದ ಮೇಲೆ ಬಿಡುತ್ತೇನೆನ್ನುವ ವಿದ್ಯಾರ್ಥಿಗೆ ಯಾರಾದರೂ ಮೊದಲು ಹೇಳಬೇಕಾದ ಸಂಗತಿ ಇದು, ಕ್ಯಾನ್ಸರಿನ ಚಿತ್ರಕ್ಕಿಂತಲೂ ಮೊದಲು.

ಚಟವನ್ನು ಬಿಗಿಯುವ ಇನ್ನೊಂದು ಗಂಟು ಅನುಬಂಧಿತ ಪ್ರತಿಕ್ರಿಯೆ. ಪಾವ್ಲೊವನ ನಾಯಿಗೆ ಗಂಟೆಯ ಸದ್ದು ಕೇಳಿದೊಡನೆ ಜೊಲ್ಲು ಸುರಿದಂತೆ, ಸೇದುವವನಿಗೆ ಕೆಲವು ಹೊತ್ತು, ಜಾಗ, ರುಚಿಗಳು ಸಿಗರೇಟಿನ ಕರೆಯಾಗಿಬಿಡುತ್ತವೆ. ದಾವಣಗೆರೆಯ ವಿದ್ಯಾರ್ಥಿಗೆ ಬೆಳಗಿನ ಬೆಣ್ಣೆದೋಸೆಯ ನಂತರದ ಚಹಾ, ಸಂಜೆಯ ಖಾರಮಂಡಕ್ಕಿ ಮೆಣಸಿನಕಾಯಿಯ ಬಳಿಕ ನಾಲಗೆಯಲ್ಲುಳಿದ ಉರಿ, ಅಂಗಡಿಯ ಕಂಬಕ್ಕೆ ನೇತುಬಿಟ್ಟ ತೆಂಗಿನ ನಾರಿನ ಹಗ್ಗದ ತುದಿಯಲ್ಲಿ ಕೆಂಪಗೆ ಕನಲುತ್ತಿರುವ ಕಿಡಿ ಇವೇ ಅಂಥ ಕರೆಗಳು. ಚಹಾ ಸಿಗರೇಟುಗಳ ಜೋಡಿಗೆ ಶರೀರದ ಮಟ್ಟದಲ್ಲಿಯೂ ಒಂದು ನಂಟಿದೆ. ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆಯಾದ್ದರಿಂದ ಸೇದುವವರು ಹೆಚ್ಚು ಚಹಾ ಕಾಫಿ ತಾಳಿಕೊಳ್ಳಬಲ್ಲರು. ಸಿಗರೇಟು ಬಿಟ್ಟು ಚಹಾವನ್ನು ಅಷ್ಟೇ ಮುಂದುವರಿಸಿದಾಗ ರಕ್ತದಲ್ಲಿ ಕೆಫೀನ್ ಏರಿ, ನಿದ್ದೆಗೆಟ್ಟು, ಕೈ ನಡುಗಿ, ಆ ಬಾಧೆಯನ್ನೂ ಸಿಗರೇಟಿನ ಕೊರತೆಯೆಂದೇ ತಿಳಿದು ಮತ್ತೆ ಸೇದುವವರುಂಟು. ಬಿಡುವ ವಾರದಲ್ಲಿ ಚಹಾವನ್ನು ಅರ್ಧಕ್ಕಿಳಿಸಬೇಕೆಂಬ ಸಲಹೆಗೆ ಇದೇ ಆಧಾರ.

ವ್ಯಕ್ತಿತ್ವದ ಗುಣಗಳ ಬಗ್ಗೆ ಹಾನ್ಸ್ ಐಸೆಂಕ್ 1960ರ ದಶಕದಿಂದ ನಡೆಸಿದ ಚರ್ಚೆ, ಮಾರ್ವಿನ್ ಜುಕರ್‌ಮನ್ ವಿವರಿಸಿದ ರೋಮಾಂಚನದ ಹಂಬಲ, ದುಡುಕುತನ ಇವುಗಳನ್ನು ಪಠ್ಯಪುಸ್ತಕಗಳು ವಿಸ್ತರಿಸುತ್ತವೆ. ಆದರೆ ಇವು ಪ್ರವೃತ್ತಿಯನ್ನಷ್ಟೇ ಸೂಚಿಸುತ್ತವೆ, ಯಾವ ಹುಡುಗ ಸೇದಿಯಾನೆಂದು ಹೇಳಲಾರವು. ಖಿನ್ನತೆಯ ಸಂಬಂಧ ಇವಕ್ಕಿಂತ ಗಂಭೀರವಾದದ್ದು. ಕುಗ್ಗಿದ ಮನಸ್ಸು ಸಿಗರೇಟಿನ ಕಡೆ ವಾಲುತ್ತದೆ, ಸಿಗರೇಟು ಮುಂದೆ ಮನಸ್ಸನ್ನು ಕುಗ್ಗಿಸುತ್ತದೆ. ಯಾವುದು ಮೊದಲೆಂದು ಒಮ್ಮೆ ಮಾತ್ರ ನಡೆಸಿದ ಸಮೀಕ್ಷೆಯಿಂದ ತಿಳಿಯುವುದಿಲ್ಲ. ತರಗತಿಯಲ್ಲಿ ಪ್ರಶ್ನಾವಳಿ ಹಂಚಿ ಮಾಡುವ ಅಧ್ಯಯನಗಳಲ್ಲಿ ಉತ್ತರಗಳು ನಿಜಕ್ಕಿಂತ ಕಡಿಮೆ ಹೇಳುವ ಸಂಭವವೂ ಇದೆ.

ಹೀಗೆ ಕಡಿಮೆ ಹೇಳುವುದರ ಹಿಂದಿರುವುದು ಮರೆಮಾಚುವಿಕೆ. ಹಿರಿಯರೆದುರು ಸೇದಬಾರದೆಂಬುದು ಕನ್ನಡ ನಾಡಿನ ಮರ್ಯಾದೆಯ ಕಟ್ಟಳೆ. ಮೇಷ್ಟರ ಸ್ಕೂಟರ್ ತಿರುವಿನಲ್ಲಿ ಕಂಡೊಡನೆ ಉರಿಯುವ ಸಿಗರೇಟನ್ನು ಅಂಗೈಯೊಳಗೆ ಮರೆಸಿ ಕೈಯನ್ನು ಬೆನ್ನ ಹಿಂದೆ ಒಯ್ಯುವುದು, ಆಮೇಲೆ ಸೋಂಪೋ ಏಲಕ್ಕಿಯೋ ಅಗಿಯುವುದು ಈ ಕಟ್ಟಳೆಯ ದಿನನಿತ್ಯದ ರೂಪಗಳು. ಇದರಿಂದ ಸೇದುವ ಸಂಖ್ಯೆ ತಗ್ಗಿ ಒಳಿತಾಗುವುದುಂಟು; ಆದರೆ ಮುಚ್ಚಿಟ್ಟ ಚಟಕ್ಕೆ ನೆರವು ಕೇಳುವುದೂ ಕಷ್ಟ, ಏಕೆಂದರೆ ಬಿಡಿಸಿರೆಂದು ಬೇಡಬೇಕಾದರೆ ಮೊದಲು ಸೇದುತ್ತೇನೆಂದು ಒಪ್ಪಿಕೊಳ್ಳಬೇಕು. ವಿದ್ಯಾರ್ಥಿನಿಯರ ಪಾಲಿಗೆ ಈ ಗೋಡೆ ಇನ್ನೂ ಎತ್ತರ. ಭಾರತದಲ್ಲಿ ಸೇದುವ ಮಹಿಳೆಯರು ಶೇ. 2ರಷ್ಟೆಂದು 2016–17ರ ಸಮೀಕ್ಷೆ ಹೇಳಿದರೂ, ಗಂಡಸು ಸೇದಿದರೆ ಚಟ, ಹೆಣ್ಣು ಸೇದಿದರೆ ನಡತೆಗೇಡು ಎಂದೆಣಿಸುವ ಸಮಾಜದಲ್ಲಿ ಅವರಲ್ಲಿ ಸಲಹೆಗಾರರ ಬಾಗಿಲು ತಟ್ಟುವವರು ಬೆರಳೆಣಿಕೆಯವರು. ಇದು ಅನ್ಯಾಯ ಮಾತ್ರವಲ್ಲ, ಚಿಕಿತ್ಸೆಗೆ ನೇರ ಅಡ್ಡಿ.

ಅವಲಂಬನೆಯ ಮಟ್ಟವನ್ನು ಅಳೆಯಲು ಸ್ವೀಡನ್ನಿನ ಕಾರ್ಲ್ ಫಾಗರ್‌ಸ್ಟ್ರಾಮ್ ಹೆಸರಿನ ಆರು ಪ್ರಶ್ನೆಗಳ ಪರೀಕ್ಷೆ ಬಳಕೆಯಲ್ಲಿದೆ. ಅದರಲ್ಲಿ ಅತಿ ಹೆಚ್ಚು ತೂಕದ ಪ್ರಶ್ನೆಗಳಲ್ಲೊಂದು, ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಎಂಬುದು. ಐದು ನಿಮಿಷದೊಳಗೆ ಎನ್ನುವವನ ಅವಲಂಬನೆ ತೀವ್ರವಾದದ್ದು. ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇನ್ನೂ ಆ ಹಂತ ಮುಟ್ಟದೆ, ಜೊತೆ ಸಿಕ್ಕಾಗ ಮಾತ್ರ ಸೇದುವ ‘ಸಾಮಾಜಿಕ ಧೂಮಪಾನಿ’ಗಳು, ಅವರು ತಮ್ಮನ್ನು ಧೂಮಪಾನಿಗಳೆಂದೇ ಎಣಿಸುವುದಿಲ್ಲವಾದ್ದರಿಂದ ಎಚ್ಚರಿಕೆಯ ಮಾತುಗಳು ತಮಗೆ ಹೇಳಿದ್ದೆಂದು ಅವರಿಗೆ ಅನಿಸುವುದಿಲ್ಲ. ಬಿಡಿಸಲು ಸುಲಭವಾದ ಹಂತವೂ ಇದೇ.

ಜೇಮ್ಸ್ ಪ್ರೊಚಾಸ್ಕ ಮತ್ತು ಕಾರ್ಲೊ ಡಿಕ್ಲೆಮೆಂಟಿ ಬಿಡುವ ಕ್ರಿಯೆಯನ್ನು ಯೋಚಿಸದಿರುವುದು, ಯೋಚಿಸುವುದು, ಸಿದ್ಧವಾಗುವುದು, ಬಿಡುವುದು, ಉಳಿಸಿಕೊಳ್ಳುವುದು ಎಂಬ ಹಂತಗಳ ಮೂಲಕ ವಿವರಿಸಿದ ಮಾದರಿ ಬಳಿಕ ಚಿಕಿತ್ಸಾಲಯಗಳಲ್ಲಿ ನೆಲೆಯೂರಿತು. ಮರಳಿ ಸೇದುವುದನ್ನು ಅದು ಸೋಲೆಂದು ಎಣಿಸುವುದಿಲ್ಲ. ಹಲವು ಯತ್ನಗಳ ಬಳಿಕವೇ ಬಹುತೇಕರು ಬಿಡುತ್ತಾರೆ. ಬಾಧೆ ಮೊದಲ ಕೆಲವು ದಿನ ತೀವ್ರವಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಬಂಡೂರ 1977ರಲ್ಲಿ ಹೆಸರಿಸಿದ ಸ್ವಸಾಮರ್ಥ್ಯದ ನಂಬಿಕೆ, ಎಂದರೆ ಇಂಥ ಸನ್ನಿವೇಶದಲ್ಲಿ ಬೇಡವೆನ್ನಬಲ್ಲೆ ಎಂಬ ಭರವಸೆ, ಈ ವಾರಗಳಲ್ಲಿ ನಿರ್ಣಾಯಕ. ಅದು ಉಪದೇಶದಿಂದ ಬಾರದು, ಗೂಡಂಗಡಿಯ ಮುಂದೆ ಒಮ್ಮೆ ಬೇಡವೆಂದು ದಾಟಿಬಂದ ಅನುಭವದಿಂದ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್, 2002ರಲ್ಲಿ ದೇಶದಲ್ಲಿ ಆರಂಭವಾದ ತಂಬಾಕು ತ್ಯಜನ ಚಿಕಿತ್ಸಾಲಯಗಳಲ್ಲೊಂದನ್ನು ನಡೆಸಿತು. 2018ರಲ್ಲಿ ದಂತವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯಲು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಎರಡು ದಂತವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಗೆ ಇದರ ಪ್ರಸ್ತುತತೆ ಹೆಚ್ಚು. ಮನಸ್ಸಿನ ತೊಂದರೆಗಳಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ದೊರೆಯುತ್ತದೆ.

ಕಾನೂನಿನ ಕ್ರಮಗಳೂ ಮನಸ್ಸಿನ ಮೇಲೆ ಕೆಲಸ ಮಾಡುತ್ತವೆ. 2003ರ ಕೇಂದ್ರ ಕಾಯಿದೆ ವಿದ್ಯಾಸಂಸ್ಥೆಗಳ 100 ಗಜದೊಳಗೆ ತಂಬಾಕು ಮಾರಾಟವನ್ನೂ, 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನೂ ತಡೆದವು. ಆ ಕಾಯಿದೆಗೆ ಕರ್ನಾಟಕ ತಂದ, 2025ರ ಮೇ ತಿಂಗಳಲ್ಲಿ ಜಾರಿಯಾದ ತಿದ್ದುಪಡಿ ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೇರಿಸಿ, ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಹೆಚ್ಚಿಸಿ, ಹುಕ್ಕಾ ಬಾರುಗಳನ್ನು ನಿಷೇಧಿಸಿತು. ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಇದರಿಂದ ಕೊಳ್ಳುವ ಅರ್ಹತೆಯ ಹೊರಗಾದರು. ಬಿಡಿ ಸಿಗರೇಟಿನ ಮಾರಾಟಕ್ಕೂ ಈ ತಿದ್ದುಪಡಿ ತಡೆಯೊಡ್ಡಿದೆ. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ಅಂಶ ವಿದ್ಯಾರ್ಥಿಗಳ ವಿಷಯದಲ್ಲಿ ದೊಡ್ಡದು. 2016ರ ಏಪ್ರಿಲಿನಿಂದ ಪೊಟ್ಟಣದ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ, 2018ರ ಸೆಪ್ಟೆಂಬರಿನಿಂದ ಬಿಡಲು ನೆರವಾಗುವ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಅದರ ಮೇಲೆ ಅಚ್ಚಾಗುತ್ತಿದೆ. ಆದರೆ ಜೇಬಿನ ಚಿಲ್ಲರೆಗೆ ತಕ್ಕಂತೆ ಒಂದೊಂದೇ ಕೊಂಡು, ಹಗ್ಗದ ಕಿಡಿಗೆ ತಾಗಿಸಿ ನಡೆಯುವ ವಿದ್ಯಾರ್ಥಿಯ ಕೈಗೆ ಆ ಪೊಟ್ಟಣ ಬರುವುದೇ ಇಲ್ಲ; ಅದು ಅಂಗಡಿಯವನ ಗಲ್ಲೆಯ ಪಕ್ಕದಲ್ಲಿ, ಚಿತ್ರ ಒಳಮುಖವಾಗಿ ಇರುತ್ತದೆ.